ಜನ ಸರಿ ಇಲ್ಲದಿದ್ದರೆ ಸ್ವಾತಂತ್ರ್ಯ ಉಳಿಯುತ್ತಾ?

ಮಲೆನಾಡಿಗ:
ಮೊನ್ನೆ ಮದುವೆ ಊಟಕ್ಕೆ ಕೂತಿದ್ದಾಗ ದೊಡ್ಡಪ್ಪ ಶುರು ಮಾಡಿದರು. ನಮ್ಮ ಜನಕ್ಕೆ ಸ್ವಾತಂತ್ರ್ಯ ಜಾಸ್ತಿಯಾಯಿತಂತೆ, ಎಮರ್ಜೆನ್ಸಿಯಲ್ಲಿ ರೈಲು ಸರಿಯಾದ ಟೈಮಿಗೆ ಬರುತ್ತಿತ್ತಂತೆ, ಮೊದಲು ಶಿಸ್ತು ಕಲಿಯಲಿ ಆಮೇಲೆ ಹಕ್ಕು ಕೇಳಲಿ ಅಂತ. ಹೋಳಿಗೆ ಬಡಿಸುವವರು ಬಂದರು, ಬಚಾವಾದೆ. ಜನರ ಗುಣಕ್ಕೂ ದೇಶದ ಸ್ವಾತಂತ್ರ್ಯಕ್ಕೂ ಸಂಬಂಧ ಇದೆ ಅಂತ ನನಗೂ ಅನ್ನಿಸುತ್ತೆ, ಆದರೆ ಅವರು ಹೇಳುವ ಥರ ಅಲ್ಲ. ಏನಂತೀರಿ?

ಹಳೇ ಮೇಷ್ಟ್ರು:
ಸಂಬಂಧ ಇದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹೇಳಿದ್ದೇ ಇದು. ಸಂವಿಧಾನ ಎಷ್ಟೇ ಚೆನ್ನಾಗಿರಲಿ, ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತೆ ಅಂದರು. ಸಿಂಧ್‌ನ ರಾಜ ದಾಹಿರನ ಸೇನಾಧಿಪತಿಗಳು ಲಂಚ ತಿಂದು ಅವನ ಪರ ಹೋರಾಡಲೇ ಇಲ್ಲ ಅಂತಲೂ ನೆನಪಿಸಿದರು. ಆದರೆ ರಾಜಕೀಯದಲ್ಲಿ ಭಕ್ತಿ ಅನ್ನೋದು ಸರ್ವಾಧಿಕಾರಕ್ಕೆ ದಾರಿ ಅಂತ ಅದೇ ಭಾಷಣದಲ್ಲಿದೆ, ದೊಡ್ಡಪ್ಪನಿಗೆ ಅದನ್ನೂ ಓದಿಸಿ.

ರಾಗಿಮುದ್ದೆ:
ಭಾಷಣ ಇರಲಿ ಸಾರ್. ಹಿಂದಿನ ಪಂಚಾಯಿತಿ ಎಲೆಕ್ಷನ್ನಿನ ಮುನ್ನಾ ರಾತ್ರಿ ನಮ್ಮನೆ ಬಾಗಿಲಿಗೂ ಬಂದರು, ಮತದಾರರ ಚೀಟಿಯ ಮಡಿಕೆಯೊಳಗೆ ಐನೂರರ ಎರಡು ನೋಟು. ಅವ್ವ ಇಸ್ಕೊಂಡಳು. "ದುಡ್ಡು ಅವರದ್ದು, ಓಟು ನಂದು" ಅಂದಳು, ನಾನೂ ನಕ್ಕು ಸುಮ್ಮನಾದೆ. ಆಮೇಲೆ ಬೀದಿ ನಲ್ಲಿ ಮೂರು ತಿಂಗಳು ಕೆಟ್ಟು ನಿಂತಿತ್ತು. ಕೇಳೋಣ ಬಾ ಅಂದರೆ, "ಯಾವ ಮುಖ ಇಟ್ಕೊಂಡು ಕೇಳಲಿ?" ಅಂತ ಬರಲೇ ಇಲ್ಲ.

ಸಿಟಿ ಬಸ್ಸು:
ಎಮರ್ಜೆನ್ಸಿ ಬಗ್ಗೆ ಒಂದು ಮಾತು. ನಾಗರಿಕರ ಮೂಲಭೂತ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದ್ದೇ 1976ರಲ್ಲಿ, ಆ ಹೊತ್ತಲ್ಲಿ. ತಮಾಷೆ ಅಲ್ವಾ? ಕರ್ತವ್ಯ ಕಲಿಸಿದವರೇ ಜನರನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿದ್ದರು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಹೀಗೆ ಬಂಧಿಸಿದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದಾ ಅನ್ನೋ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಸರ್ಕಾರದ ಪರ ನಿಂತರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರಿಗಿಂತ ಕಿರಿಯರಿಗೆ ಹೋಯಿತು, ರಾಜೀನಾಮೆ ಕೊಟ್ಟು ನಡೆದರು. ಗುಣ ಅಂತ ನಾನು ಕರೆಯೋದು ಇದನ್ನು.

ಮಲೆನಾಡಿಗ:
ಸರಿ, ದೊಡ್ಡಪ್ಪನಿಗೆ ಕಳಿಸ್ತೀನಿ. ರಾಗಿಮುದ್ದೆ, ಅವ್ವ ಮುಂದಿನ ಸಲ ದುಡ್ಡು ಇಸ್ಕೋತಾರಾ?

ರಾಗಿಮುದ್ದೆ:
ಕೇಳಿದೆ. "ಎಲೆಕ್ಷನ್ ಬರಲಿ ನೋಡೋಣ" ಅಂತಾಳೆ. ನಲ್ಲಿ ಮಾತ್ರ ಮನೆಗೆ ನೂರು ರೂಪಾಯಿ ಹಾಕಿ ನಾವೇ ರಿಪೇರಿ ಮಾಡಿಸಿದ್ವಿ.