ಸಾರನ್ನಕ್ಕೆ ಹೊಟ್ಟೆಯಲ್ಲಿ ಜಾಗ ಇರಲಿ

ಅತ್ತಿಗೆ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ದಿರಲ್ಲ, ಭಾನುವಾರ ಮಾವನನ್ನು ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲ್ ಊಟಕ್ಕೆ ಕರೆದುಕೊಂಡು ಹೋಗಬಹುದಾ, ಅಷ್ಟೆಲ್ಲ ತಿನ್ನಲು ಅವರ ಕೈಲಿ ಆಗುತ್ತಾ ಅಂತ. ಖಂಡಿತ ಹೋಗಿ. ಹೋದ ತಿಂಗಳು ನಾನು ಅಮ್ಮನ ಜೊತೆ ಹೋಗಿದ್ದೆ, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಅಲ್ಲಿ ಎಲ್ಲ ಒಟ್ಟಿಗೆ ತಟ್ಟೆಗೆ ಬೀಳುವುದಿಲ್ಲ. ಒಂದಾದ ಮೇಲೆ ಒಂದು ಬಡಿಸುತ್ತಾರೆ. ಮೊದಲು ಬೆಳ್ಳಿ ಲೋಟದಲ್ಲಿ ದ್ರಾಕ್ಷಿ ರಸ. ಆಮೇಲೆ ಕೋಸಂಬರಿ, ಪಲ್ಯ, ಸಿಹಿ, ಪೂರಿ ಸಾಗು, ದೋಸೆ. ದೋಸೆ ಗರಿಗರಿಯಾಗಿ ತುಪ್ಪದ ಪರಿಮಳದಲ್ಲಿ ಬಂದಾಗ ಇನ್ನೊಂದು ಅನ್ನಬೇಕು ಅನಿಸುತ್ತದೆ. ಬೇಡ ಅತ್ತಿಗೆ, ಅಲ್ಲೇ ಹೊಟ್ಟೆ ತುಂಬಿಬಿಡುತ್ತದೆ. ಬಿಸಿಬೇಳೆಬಾತ್ ಇನ್ನೂ ಬರಬೇಕು. ಅದೂ ಒಂದೇ ಸೌಟು ಸಾಕು.

ಯಾಕೆಂದರೆ ನನ್ನ ಪ್ರಕಾರ ಆ ಊಟದ ಜೀವ ಇರುವುದು ಸಾರನ್ನದಲ್ಲಿ. ಅಮ್ಮ ಅನ್ನದ ಮಧ್ಯೆ ಗುಳಿ ಮಾಡಿದರು. ಬಿಸಿ ಸಾರು ಬಿತ್ತು, ಮೇಲೆ ಒಂದು ಚಮಚ ತುಪ್ಪ. ಕಲಸಿ ಒಂದು ತುತ್ತು ಬಾಯಿಗಿಟ್ಟವರೇ ಸುಮ್ನಾದರು. ಆಮೇಲೆ ಬಡಿಸುವವರನ್ನು ಕರೆದು "ಇನ್ನೊಂಚೂರು ಹಾಕಪ್ಪ" ಅಂತ ಅಂಗೈ ಒಡ್ಡಿ ಸಾರು ಕುಡಿದರು, ಮನೆಯಲ್ಲಿ ಕುಡಿಯುವ ಹಾಗೇ! ಹೋಟೆಲ್ ಸಾರು ಮುಟ್ಟದ ಅಮ್ಮ.

ಅವರಿಗೆ ಆ ಜಾಗ ಹಳೆಯ ನೆಂಟರ ಮನೆ ಇದ್ದ ಹಾಗೆ. ಉಡುಪಿ ಕಡೆಯ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲ್. ತುರ್ತು ಪರಿಸ್ಥಿತಿಯಲ್ಲಿ ತಿಂಡಿ ಊಟದ ದರ ಇಳಿಸಲೇಬೇಕು ಎಂದಾಗ, ರುಚಿ ಕೆಡಿಸಲು ಒಪ್ಪದೆ ಹೋಟೆಲ್ಲನ್ನೇ ಕೆಲವು ವರ್ಷ ಮುಚ್ಚಿ ಅಡುಗೆ ಪುಡಿಗಳ ವ್ಯಾಪಾರದ ಕಡೆ ತಿರುಗಿದರು. ಅಮ್ಮ ಡಬ್ಬಕ್ಕೆ ಸುರಿದಿಡುತ್ತಿದ್ದ ಆ ಪ್ಯಾಕೆಟ್‌ಗಳು ನೆನಪಿವೆ ಅಲ್ವಾ?

ಕೊನೆಗೆ ಮೊಸರನ್ನ, ಹಣ್ಣು ಐಸ್‌ಕ್ರೀಮ್, ಬೀಡಾ. ಮಾವನಿಗೆ ಸಕ್ಕರೆ ಜಾಸ್ತಿ ಇದೆಯಲ್ಲ, ದ್ರಾಕ್ಷಿ ರಸ, ಸಿಹಿ ಎಲ್ಲ ಮೊದಲೇ ಬೇಡ ಅಂದುಬಿಡಿ. ಬಡಿಸುವವರ ಕೈ ಧಾರಾಳ, ಎಲೆ ಮೇಲೆ ಕೈ ಅಡ್ಡ ಹಿಡಿಯುವ ಹಾಗೆ ತಟ್ಟೆ ಮೇಲೂ ಹಿಡಿಯಬೇಕು. ಬೆಳಗಿನ ತಿಂಡಿ ಹಗುರವಾಗಿರಲಿ, ಸ್ವಲ್ಪ ಬೇಗ ಹೊರಡಿ. ಹೊರಡುವಾಗ ನನಗೊಂದು ಫೋನ್ ಮಾಡಿ, ಅಮ್ಮ ಆಗಲೇ ಸೀರೆ ತೆಗೆದಿಟ್ಟಿದ್ದಾರೆ.