ಸಹಾಯ ಬೇಕು: ಸೂಪರ್‌ಗರ್ಲ್ ಸೂಟ್‌ಗೆ ಹಾಕಿದ ನೀಲಿ ಡೈ ಸಮ ಬಂದಿಲ್ಲ

ಡೈಯಿಂಗ್ ಗೊತ್ತಿರೋರು ಸ್ವಲ್ಪ ಹೇಳಿ ಪ್ಲೀಸ್. ಮಗಳಿಗೆ ಸೂಪರ್‌ಗರ್ಲ್ ಸೂಟ್ ಹೊಲಿತಾ ಇದೀನಿ, ಅವಳು ಕೇಳಿದ ಆ ಗಾಢ ನೀಲಿ ಎಲ್ಲೂ ಸಿಗ್ಲಿಲ್ಲ ಅಂತ ಶೇ 80 ನೈಲಾನ್, ಶೇ 20 ಸ್ಪ್ಯಾಂಡೆಕ್ಸ್ (ಎಳೆದ್ರೆ ಹಿಗ್ಗೋ ನೂಲು) ಇರೋ ಬಿಳಿ ಬಟ್ಟೆ ತಗೊಂಡು ಆಸಿಡ್ ಡೈಗೆ (ನೈಲಾನ್‌ಗೆ ಹಿಡಿಯೋ ಬಣ್ಣ) ವಿನೆಗರ್ ಹಾಕಿ, ನೀರು ಕುದಿಯೋಕೆ ಬಿಡದೆ ಅರ್ಧ ಗಂಟೆ ಬಿಸೀಲಿ ಇಟ್ಟೆ. ಬಣ್ಣ ಏನೋ ಚೆನ್ನಾಗೇ ಹಿಡೀತು, ಆದ್ರೆ ಪಾತ್ರೆ ಚಿಕ್ಕದಾಗಿ ಬಟ್ಟೆ ಮಡಚಿಕೊಂಡ ಕಡೆ ಎಲ್ಲಾ ತೆಳು ಗೆರೆ, ಬೆನ್ನಿನ ಭಾಗದಲ್ಲಂತೂ ಅಂಗೈ ಅಗಲ ಬಣ್ಣ ಪೇಲವ. ತೋಳು ಮೊದಲೇ ಹೊಲಿದಿದ್ದೆ, ದಾರ ಪಾಲಿಯೆಸ್ಟರ್, ಅದಕ್ಕೆ ಈ ಡೈ ಹತ್ತೋದೇ ಇಲ್ವಲ್ಲ, ನೀಲಿ ಮೇಲೆ ಒಂದೊಂದು ಹೊಲಿಗೇನೂ ಬೆಳ್ಳಗೆ ಎದ್ದು ಕಾಣ್ತಿದೆ, ಅದನ್ನ ಬಿಚ್ಚಿ ನೀಲಿ ದಾರ ಹಾಕ್ತೀನಿ ಬಿಡಿ.

ದೊಡ್ಡ ಪಾತ್ರೇಲಿ ಕೈಯಾಡಿಸ್ತಾ ಇನ್ನೊಂದು ಸಲ ಡೈ ಮಾಡಿದ್ರೆ ಸಮ ಆಗತ್ತಾ, ಇಲ್ಲಾ ಗೆರೆ ಹಾಗೇ ಉಳಿಯತ್ತಾ? ಮತ್ತೆ ಮತ್ತೆ ಬಿಸಿ ತಗುಲಿ ಸ್ಪ್ಯಾಂಡೆಕ್ಸ್ ಸಡಿಲ ಆಗ್ಬಿಟ್ರೆ ಅಂತ ತುಂಬಾ ಭಯ. ಇನ್ನೊಂದು, ತುದಿ ದುಂಡಗಿರೋ ಬಾಲ್‌ಪಾಯಿಂಟ್ ಸೂಜೀಲಿ ಸಣ್ಣ ಜಿಗ್‌ಜಾಗ್ ಹಾಕಿದ್ರೂ ಅವಳು ಹಾಕ್ಕೊಳ್ಳುವಾಗ ಸೊಂಟದ ಹತ್ರ ದಾರ ಪಟ್ ಅಂತ ಕಿತ್ತೋಗತ್ತೆ, ಅಗಲ ಜಾಸ್ತಿ ಮಾಡ್ಲಾ, ಮೆಷಿನ್‌ನ ಟೆನ್ಷನ್ (ದಾರದ ಬಿಗಿ) ಇಳಿಸ್ಲಾ? ಕೆಂಪು ಕೇಪ್‌ಗೆ ಇನ್ನೂ ಕೈ ಹಾಕಿಲ್ಲ, ಇದು ಸರಿ ಆದ್ಮೇಲೇನೇ.