ಥರ್ಮೋಸ್ಟಾಟ್ ಹೌಸಿಂಗ್ ಲೀಕ್: ನಮ್ಮ ಗುಂಪಿನ ಮೆಕ್ಯಾನಿಕ್ ಅಣ್ಣನಿಗೆ ಪ್ರಶ್ನೆಗಳು

ಕಾಪುವಿನವರು: ಅಣ್ಣ, ರೇಡಿಯೇಟರಿನ ಮೇಲಿನ ಹೋಸ್ ಇಂಜಿನ್‌ಗೆ ಸೇರುವಲ್ಲಿ, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ತಡೆಯುವ ವಾಲ್ವ್) ಕೂರುವ ಹೌಸಿಂಗಿನಿಂದ ಕೂಲೆಂಟ್ ಜಿನುಗುತ್ತದೆ. ಎರಡು ಸಲ ಪೇಪರ್ ಗ್ಯಾಸ್ಕೆಟ್ (ಸಂದು ಮುಚ್ಚುವ ಹಾಳೆ) ಬದಲಿಸಿದೆ, ಸಿಲಿಕಾನ್ ಪೇಸ್ಟೂ ಹಚ್ಚಿದೆ. ಓಡುವಾಗ ಲೀಕ್ ಇಲ್ಲ. ಬೆಳಿಗ್ಗೆ ನೋಡಿದರೆ ಒದ್ದೆ.

ಮೆಕ್ಯಾನಿಕ್: ಹೌಸಿಂಗ್ ಪ್ಲಾಸ್ಟಿಕ್ಕಾ, ಅಲ್ಯೂಮಿನಿಯಮ್ಮಾ? ಎಂತ ನೀರು ಹಾಕ್ತೀರಿ?

ಕಾಪುವಿನವರು: ಅಲ್ಯೂಮಿನಿಯಂ. ಬೋರ್‌ವೆಲ್ ನೀರು, ಎರಡು ವರ್ಷದಿಂದ.

ಬಿ.ಸಿ. ರೋಡಿನವರು: ಒಂದು ಮೆಸೇಜ್ ಬಂದಿದೆ. ರೇಡಿಯೇಟರಿಗೆ ಅರಿಶಿನ ಪುಡಿ, ಮೊಟ್ಟೆಯ ಬಿಳಿ ಹಾಕಿದರೆ ಲೀಕ್ ನಿಲ್ಲುತ್ತದಂತೆ.

ಮೆಕ್ಯಾನಿಕ್: ಹಾಕಬೇಡಿ. ರೇಡಿಯೇಟರಿನ ಸಣ್ಣ ಟ್ಯೂಬು ಕಟ್ಟಿಕೊಳ್ಳುತ್ತದೆ.

ಕಾಪುವಿನವರೇ, ನಿಮ್ಮ ಸಮಸ್ಯೆ ಗ್ಯಾಸ್ಕೆಟ್‌ನದ್ದಲ್ಲ ಅಂತ ಅನಿಸುತ್ತದೆ. ಉಪ್ಪಿನಂಶದ ನೀರು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಗ್ಯಾಸ್ಕೆಟ್ ಕೂರುವ ಮುಖದಲ್ಲಿ ಸಣ್ಣ ಸಣ್ಣ ಗುಂಡಿ ಬಿದ್ದಿರಬಹುದು. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚುತ್ತದೆ, ತಣ್ಣಗಾದಾಗ ಕುಗ್ಗಿ ಬಿಡುತ್ತದೆ. ಬಿಚ್ಚಿ, ಹಳೇ ಪೇಸ್ಟ್ ಪೂರಾ ಕೆರೆದು, ಮುಖದ ಮೇಲೆ ಉಗುರು ಎಳೆದು ನೋಡಿ, ಸಿಕ್ಕಿಕೊಂಡರೆ ಗುಂಡಿ ಇದೆ. ಸ್ಟೀಲ್ ಸ್ಕೇಲ್ ಇಟ್ಟಾಗ ಅಡಿಯಲ್ಲಿ ಬೆಳಕು ಕಂಡರೆ ಸೊಟ್ಟಗಾಗಿದೆ ಎಂದರ್ಥ. ಸ್ವಲ್ಪವಾದರೆ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಉಜ್ಜಬಹುದು. ಗುಂಡಿ ಆಳವಾಗಿದ್ದರೆ ಹೌಸಿಂಗೇ ಬದಲಿಸಿ. ಥರ್ಮೋಸ್ಟಾಟ್ ತಾನು ಕೂರುವ ಜಾಗದಲ್ಲಿ ಸರಿಯಾಗಿ ಕೂತಿದೆಯಾ ನೋಡಿ, ಇಲ್ಲದಿದ್ದರೆ ಮುಚ್ಚಳ ಅದರ ಮೇಲೆ ಆಡುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜೋರು ಮಾಡಿದರೆ ಹೌಸಿಂಗಿನ ಕಿವಿ (ಬೋಲ್ಟ್ ತೂರುವ ಭಾಗ) ಮುರಿಯುತ್ತದೆ. ಪೇಸ್ಟ್ ತೆಳ್ಳಗೆ ಸಾಕು, ಒಳಗೆ ಉಳಿದದ್ದು ಕಿತ್ತು ಹೋಗಿ ಸಣ್ಣ ದಾರಿಗಳನ್ನು ಕಟ್ಟುತ್ತದೆ. 24 ಗಂಟೆ ಒಣಗಲಿ, ಆಮೇಲೆ ಕೂಲೆಂಟ್.

ಸುರತ್ಕಲ್‌ನವರು: ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ? ತೆಗೆದು ಬಿಸಾಡಿ, ನಾನು ತೆಗೆದಿದ್ದೇನೆ.

ಮಣಿಪಾಲದವರು: ಮೈಲೇಜ್ ಎಷ್ಟು ಬರ್ತದೆ ಮಾರಾಯ್ರೆ?

ಸುರತ್ಕಲ್‌ನವರು: ಅದು ಬೇರೆ ವಿಷಯ.

ಮಣಿಪಾಲದವರು: ಬೇರೆ ಅಲ್ಲ. ಇಂಜಿನ್ ಬಿಸಿ ಆಗದಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಸುರತ್ಕಲ್‌ನವರು: ಯೂಟ್ಯೂಬ್ ನೋಡಿ ಕಲಿತವರು ಹೇಳಬೇಡಿ.

ಮೆಕ್ಯಾನಿಕ್: ಥರ್ಮೋಸ್ಟಾಟ್ ತೆಗೆಯಬಾರದು. ಸಾಕು.

ಹೆಬ್ರಿಯವರು: ಒ-ರಿಂಗ್ (ರಬ್ಬರ್ ಬಳೆ) ಇರುವ ಹೌಸಿಂಗ್‌ಗೂ ಪೇಸ್ಟ್ ಹಚ್ಚಬೇಕಾ?

ಮೆಕ್ಯಾನಿಕ್: ಬೇಡ.

ಉಳ್ಳಾಲದವರು: ಒ-ರಿಂಗ್‌ಗೆ ಪೇಸ್ಟ್ ಬೇಕಾ?

ಮೆಕ್ಯಾನಿಕ್: ಮೇಲೆ ಓದಿ.

ಬ್ರಹ್ಮಾವರದವರು: ಹೊಸ ಹೌಸಿಂಗ್ ಎಷ್ಟು ಬೀಳಬಹುದು?

ಉಡುಪಿಯವರು: ನನ್ನದು ಲೀಕ್ ಇದೆ, ನಾಳೆ ಆಗುಂಬೆ ಘಾಟಿ ಹತ್ತಬೇಕು. ಎಂ-ಸೀಲ್ ಹಚ್ಚಿದ್ದೇನೆ. ಟೆಂಪರೇಚರ್ ಮುಳ್ಳು ಮೇಲೆ ಹೋದರೆ ರೇಡಿಯೇಟರ್ ಕ್ಯಾಪ್ ತೆಗೆದು ನೀರು ಹಾಕಿದರೆ ಆಯ್ತಲ್ಲ?

ಮೆಕ್ಯಾನಿಕ್: ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. ಒಳಗೆ ಪ್ರೆಶರ್ ಇರುತ್ತದೆ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಒತ್ತಡಕ್ಕೆ ಎಂ-ಸೀಲ್ ಎದ್ದು ಬರುತ್ತದೆ. ಸರಿ ಮಾಡದೆ ಘಾಟಿಗೆ ಹೋಗಬೇಡಿ, ಬಿಸಿ ಏರಿ ಇಂಜಿನ್ನಿನ ಹೆಡ್ (ಮೇಲ್ಭಾಗ) ಸೊಟ್ಟಗಾದರೆ ಹೌಸಿಂಗಿನ ಹಲವು ಪಟ್ಟು ಖರ್ಚು.

ಬಿ.ಸಿ. ರೋಡಿನವರು: ಕಾಳುಮೆಣಸಿನ ಪುಡಿ ಹಾಕಿದರೆ?

ಮೆಕ್ಯಾನಿಕ್: ಸಾರು ಮಾಡಿ.

ಬಿ.ಸಿ. ರೋಡಿನವರು: ಕೇಳಿದ್ದಕ್ಕೆ ಹೀಗಾ? ನಾನೂ ಸುಮ್ನೆ ಕೇಳಿದ್ದಲ್ಲ.

ಕಾಪುವಿನವರು: ಅಣ್ಣ, ಬಿಚ್ಚಿದೆ. ಉಗುರು ಎರಡು ಕಡೆ ಸಿಕ್ಕಿಕೊಂಡಿತು. ಬೋಲ್ಟ್ ಒಂದು ಅರ್ಧಕ್ಕೆ ಮುರಿದು ಒಳಗೇ ಉಳಿದಿದೆ.

ಮೆಕ್ಯಾನಿಕ್: ಡ್ರಿಲ್ ಮುಟ್ಟಬೇಡಿ. ಫೋಟೋ ಹಾಕಿ.

ಬ್ರಹ್ಮಾವರದವರು: ರೇಟ್ ಯಾರಾದರೂ ಹೇಳಿ ಮಾರಾಯ್ರೆ.